ನೆಕ್ ‘ಬಾಗಿದೆ’ ಅಂದರೆ ಬಾಗಿದೆಯೋ, ವಾಲಿದೆಯೋ, ತಿರುಚಿಕೊಂಡಿದೆಯೋ?

ಗೆಳೆಯರೇ,

ಒಂದೆರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಅಣ್ಣನ ಮಗಳಿಗೆ ಅಂತ ಬಳಸಿದ ಅಕೂಸ್ಟಿಕ್ ಗಿಟಾರ್ ಒಂದನ್ನು ನೋಡುತ್ತಿದ್ದೇನೆ. ಮಾರುವವರು ಏನನ್ನೂ ಮುಚ್ಚಿಡದೆ ಕನ್ನಡದಲ್ಲೇ ಹೀಗೆ ಬರೆದಿದ್ದಾರೆ: “ಗಿಟಾರ್ ಚೆನ್ನಾಗಿದೆ. ನೆಕ್ ಸ್ವಲ್ಪ ಬಾಗಿದೆ. ಮುಂದಿನ ಹಲಗೆಯಲ್ಲಿ ಒಂದು ಬಿರುಕಿದೆ. ಬ್ರಿಡ್ಜ್ ಸ್ವಲ್ಪ ಎದ್ದಿದೆ. ಸಣ್ಣಪುಟ್ಟ ರಿಪೇರಿ ಸಾಕು.”

ಓದಿದರೆ ಎಲ್ಲ ಸ್ಪಷ್ಟವಾಗಿಯೇ ಇದೆ ಅನ್ನಿಸುತ್ತದೆ. ಆದರೆ ತಗೊಳ್ಳಬೇಕೋ ಬೇಡವೋ ಅನ್ನುವುದು ಇದರಿಂದ ಗೊತ್ತಾಗುವುದಿಲ್ಲ. ಮುಖ್ಯವಾಗಿ ಆ ‘ಬಾಗಿದೆ’ ಅನ್ನುವ ಮಾತು. ಗಿಟಾರಿನ ನೆಕ್‌ಗೆ, ಅಂದರೆ ಕುತ್ತಿಗೆಗೆ, ಬರುವ ತೊಂದರೆ ಮೂರು ಬಗೆ. ಒಂದು ಸುಲಭವಾಗಿ ಸರಿಹೋಗುತ್ತದೆ, ಒಂದಕ್ಕೆ ತುಂಬಾ ಖರ್ಚು, ಇನ್ನೊಂದು ಇದ್ದರೆ ಆ ಗಿಟಾರ್ ಕಡೆ ನೋಡುವುದೇ ಬೇಡ. ಜನ ಮೂರಕ್ಕೂ ‘ಬಾಗಿದೆ’ ಅಂತಲೇ ಹೇಳುತ್ತಾರೆ. ಮೂರಕ್ಕೂ ಬೇರೆ ಬೇರೆ ಪದ ನಮ್ಮ ಆಡುಮಾತಿನಲ್ಲೇ ಇವೆ ಅಂತ ನನಗನ್ನಿಸುತ್ತದೆ. ಸರಿಯೋ ತಪ್ಪೋ ನೀವು ಹೇಳಿ.

ಮೊದಲು ‘ಬಾಗು’. ಒತ್ತಡಕ್ಕೆ ಸಿಕ್ಕಿದ್ದು ಬಾಗುತ್ತದೆ, ಒತ್ತಡ ಹೋದರೆ ಬಹುಮಟ್ಟಿಗೆ ನೆಟ್ಟಗಾಗುತ್ತದೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಅನ್ನುವಾಗಲೂ ಮಣಿಯುವ ಗುಣವೇ ಮುಖ್ಯ. ಉಕ್ಕಿನ ತಂತಿಯ ಗಿಟಾರಿನಲ್ಲಿ ಆರು ತಂತಿ ಸೇರಿ ಸುಮಾರು 70 ಕಿಲೋ ಭಾರದಷ್ಟು ಎಳೆಯುತ್ತವೆ. ಆ ಎಳೆತಕ್ಕೆ ಕುತ್ತಿಗೆ ನಡುವಿನಲ್ಲಿ ತುಸು ಹಳ್ಳ ಬೀಳುತ್ತದೆ. ಸ್ವಲ್ಪ ಹಳ್ಳ ಇರಲೇಬೇಕು, ಇಲ್ಲದಿದ್ದರೆ ಅದುರುವ ತಂತಿ ಮೆಟ್ಟಿಲಿಗೆ, ಅಂದರೆ ಕುತ್ತಿಗೆಯ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಫ್ರೆಟ್ಟಿಗೆ, ತಾಗುತ್ತದೆ. ಹಳ್ಳ ಜಾಸ್ತಿಯಾದರೆ ಕುತ್ತಿಗೆಯೊಳಗಿನ ಉಕ್ಕಿನ ಸರಳನ್ನು, ಅಂದರೆ ಟ್ರಸ್ ರಾಡನ್ನು, ಅಲೆನ್ ಕೀಯಿಂದ ಕಾಲು ಸುತ್ತು, ಮತ್ತೆ ಕಾಲು ಸುತ್ತು ಅಂತ ಬಿಗಿ ಮಾಡುತ್ತಾರೆ. ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಅವರಿಗೆ ಇದರ ಪೇಟೆಂಟ್ ಸಿಕ್ಕಿದ್ದು 1923ರಲ್ಲಿ. ಆದರೆ ಎಲ್ಲ ಗಿಟಾರಿನಲ್ಲೂ ಇದು ಇರುತ್ತದೆ ಅಂದುಕೊಳ್ಳಬೇಡಿ. ಮಾರ್ಟಿನ್ ಕಂಪನಿ ತಿರುಗಿಸಿ ಸರಿಮಾಡುವ ರಾಡ್ ಹಾಕಲು ಶುರುಮಾಡಿದ್ದೇ 1985ರಲ್ಲಿ. ನೈಲಾನ್ ತಂತಿಯ ಬಹಳಷ್ಟು ಗಿಟಾರುಗಳಲ್ಲೂ ಇದು ಇರುವುದಿಲ್ಲ. ಅಂಥವುಗಳಲ್ಲಿ ‘ಬರೀ ಬಾಗಿದೆ’ ಅನ್ನುವುದೂ ಸಣ್ಣ ಮಾತಲ್ಲ.

ನಿಜವಾಗಿ ಬಾಗಿದೆಯಾ ಅಂತ ನೋಡುವುದು ಸುಲಭ. ಶ್ರುತಿ ಮಾಡಿದ ದಪ್ಪ ತಂತಿಯನ್ನು ಮೊದಲನೇ ಮೆಟ್ಟಿಲಿನ ಹತ್ತಿರ ಒಂದು ಕೈಯಿಂದ ಒತ್ತಿ. ಕುತ್ತಿಗೆ ಒಡಲಿಗೆ ಸೇರುವ ಕಡೆ, ಸಾಮಾನ್ಯವಾಗಿ 14ನೇ ಮೆಟ್ಟಿಲಿನಲ್ಲಿ, ಇನ್ನೊಂದು ಕೈಯಿಂದ ಒತ್ತಿ. ಈಗ ತಂತಿಯೇ ಅಳತೆಪಟ್ಟಿ. 7ನೇ ಮೆಟ್ಟಿಲಿನ ಮೇಲೆ ತಂತಿಗೂ ಮೆಟ್ಟಿಲಿಗೂ ನಡುವೆ ಎಷ್ಟು ಸಂದಿದೆ ನೋಡಿ. ಒಂದು ಇಸ್ಪೀಟ್ ಎಲೆ ತೂರುವಷ್ಟು, ಅಂದರೆ 0.3 ಮಿಲಿಮೀಟರ್ ಆಸುಪಾಸು, ಇದ್ದರೆ ಕುತ್ತಿಗೆ ಬಾಗಿಲ್ಲ, ಸರಿಯಾಗೇ ಇದೆ. ಸಂದಿಯೇ ಇಲ್ಲದೆ ತಂತಿ ಮೆಟ್ಟಿಲಿಗೆ ಒರಗಿದ್ದರೆ ಕುತ್ತಿಗೆ ಹಿಂದಕ್ಕೆ ಬಾಗಿರಬಹುದು. ಅದಕ್ಕೆ ‘ಉಬ್ಬಿದೆ’ ಅನ್ನುವುದೇ ಚೆನ್ನ. ಹಳ್ಳ ಮತ್ತು ಉಬ್ಬು ಅಂತ ಬರೆದರೆ ಎರಡು ದಿಕ್ಕೂ ಸ್ಪಷ್ಟವಾಗುತ್ತದೆ, ಅಲ್ವಾ?

ಎರಡನೆಯದೇ ನನ್ನ ನಿಜವಾದ ಪ್ರಶ್ನೆ. ಕುತ್ತಿಗೆ ತಾನು ನೆಟ್ಟಗೇ ಇದೆ, ಆದರೆ ಒಡಲಿಗೆ ಸೇರುವ ಬುಡದಲ್ಲಿ ಕೋನ ತಪ್ಪಿ ಮುಂದಕ್ಕೆ ಬಂದಿದೆ. ವರ್ಷಗಟ್ಟಲೆ ತಂತಿ ಎಳೆದದ್ದರಿಂದ ಹೀಗಾಗುತ್ತದೆ. ಇದಕ್ಕೆ ‘ವಾಲಿದೆ’ ಅನ್ನಬೇಕು ಅಂತ ನನ್ನ ವಾದ. ಬಾಗಿದ ಕಂಬ ಬೇರೆ, ವಾಲಿದ ಕಂಬ ಬೇರೆ. ವಾಲಿದ ಕಂಬಕ್ಕೆ ಬುಡದಲ್ಲಿ ಕೆಲಸ ಮಾಡಬೇಕು, ನಡುವಿನಲ್ಲಿ ಎಷ್ಟು ತಿಣುಕಿದರೂ ಉಪಯೋಗವಿಲ್ಲ. ಗಿಟಾರಿನಲ್ಲೂ ಹಾಗೇ. ಟ್ರಸ್ ರಾಡ್ ವಾಲಿದ್ದನ್ನು ಸರಿ ಮಾಡುವುದಿಲ್ಲ. ಬುಡದ ಕೀಲು ಬಿಚ್ಚಿ, ಮರವನ್ನು ಸ್ವಲ್ಪ ಸ್ವಲ್ಪವೇ ಕೆತ್ತಿ, ಕೋನ ಸರಿಮಾಡಿ ಮತ್ತೆ ಕೂರಿಸಬೇಕು. ನೆಕ್ ರೀಸೆಟ್ ಅನ್ನುವುದು ಇದನ್ನೇ. ಅಂಟಿನಿಂದ ಕೂರಿಸಿದ ಕೀಲಾದರೆ ಆವಿ ಕೊಟ್ಟು ಬಿಡಿಸಬೇಕು. ಬೋಲ್ಟ್ ಹಾಕಿದ್ದಾದರೆ ಕೆಲಸ ಹಗುರ. ಸಾಧಾರಣ ಗಿಟಾರ್ ಆದರೆ ಈ ಕೆಲಸದ ಕೂಲಿ ಗಿಟಾರಿನ ಬೆಲೆಯನ್ನೇ ಮೀರುತ್ತದೆ.

ವಾಲಿದೆಯಾ ಅಂತ ತಿಳಿಯಲು ಒಂದು ನೇರವಾದ ಪಟ್ಟಿ ಸಾಕು. ಅದನ್ನು ಮೆಟ್ಟಿಲುಗಳ ಮೇಲೆ ಉದ್ದಕ್ಕೆ ಇಟ್ಟು ಬ್ರಿಡ್ಜ್ ಕಡೆಗೆ, ಅಂದರೆ ಒಡಲಿನ ಮೇಲೆ ತಂತಿಗಳ ಬುಡದಲ್ಲಿ ಅಂಟಿಸಿದ ಪಟ್ಟಿಯ ಕಡೆಗೆ, ಚಾಚಿ. ಪಟ್ಟಿಯ ತುದಿ ಬ್ರಿಡ್ಜಿನ ನೆತ್ತಿಗೆ ಸರಿಯಾಗಿ ಬಂದರೆ ಕೋನ ಚೆನ್ನಾಗಿದೆ. ನೆತ್ತಿಗಿಂತ ಕೆಳಗೆ, ಬ್ರಿಡ್ಜಿನ ಮೈಗೆ ಹೋಗಿ ತಗುಲಿದರೆ ವಾಲಿದೆ. ಇನ್ನೊಂದು ಗುರುತೂ ಇದೆ. 12ನೇ ಮೆಟ್ಟಿಲಿನ ಮೇಲೆ ದಪ್ಪ ತಂತಿ 2ರಿಂದ 2.5 ಮಿಲಿಮೀಟರ್ ಎತ್ತರದಲ್ಲಿದ್ದರೆ ನುಡಿಸಲು ಹಿತ. ಅದು 4 ಮಿಲಿಮೀಟರ್ ಆಗಿದ್ದು, ಬ್ರಿಡ್ಜಿನ ಮೇಲಿನ ಸ್ಯಾಡಲ್ಲನ್ನು, ಅಂದರೆ ತಂತಿ ಕೂರುವ ಸಣ್ಣ ಪಟ್ಟಿಯನ್ನು, ಆಗಲೇ ಉಜ್ಜಿ ಉಜ್ಜಿ ಕಣ್ಣಿಗೆ ಕಾಣದಷ್ಟು ಗಿಡ್ಡ ಮಾಡಿದ್ದರೆ, ಇನ್ನು ಇಳಿಸಲು ಜಾಗವೇ ಉಳಿದಿಲ್ಲ ಅಂತ ಅರ್ಥ. ಮಾರುವವರು ‘ಸ್ವಲ್ಪ’ ಅಂದಿದ್ದರೂ ಇಂಥದ್ದು ಸ್ವಲ್ಪದ ಲೆಕ್ಕಕ್ಕೆ ಬರುವುದಿಲ್ಲ. ಕಲಿಯುವ ಹುಡುಗಿಯ ಬೆರಳಿಗಂತೂ ಆ ಎತ್ತರ ಬರೀ ನೋವು. ಸುಮ್ನೆ ಎರಡು ವಾರ ಒತ್ತಿ ಬೇಜಾರಾಗಿ ಬಿಟ್ಟುಬಿಡುವ ಮಕ್ಕಳಿದ್ದಾರೆ. ತಮಗೆ ಸಂಗೀತ ಬರುವುದಿಲ್ಲ ಅಂದುಕೊಳ್ಳುತ್ತಾರೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೂರನೆಯದು ‘ತಿರುಚಿಕೊಂಡಿದೆ’. ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ಕುತ್ತಿಗೆಯ ಉದ್ದಕ್ಕೂ ನೋಡಿ. ಹತ್ತಿರದ ಮೆಟ್ಟಿಲೂ ದೂರದ ಮೆಟ್ಟಿಲೂ ಒಂದಕ್ಕೊಂದು ಸಮನಾಗಿ ಕಾಣಬೇಕು. ಒಂದು ಎಡಕ್ಕೆ ಇಳಿದು ಇನ್ನೊಂದು ಬಲಕ್ಕೆ ಇಳಿದಿದ್ದರೆ ಮರವೇ ತಿರುಚಿದೆ. ಇದಕ್ಕೆ ಕೆಲವರು ‘ಡೊಂಕು’ ಅನ್ನುತ್ತಾರೆ. ನಾಯಿ ಬಾಲದ ಗಾದೆಯಿಂದಾಗಿ ಡೊಂಕು ಅಂದರೆ ನೆಟ್ಟಗಾಗದ್ದು ಅನ್ನುವ ಭಾವ ಬರುತ್ತದೆ, ಅದು ಇಲ್ಲಿಗೆ ಹೊಂದುತ್ತದೆ. ಆದರೂ ಯಾವ ರೀತಿಯ ಡೊಂಕು ಅಂತ ಅದು ಹೇಳುವುದಿಲ್ಲ. ‘ಸೊಟ್ಟ’ ಕೂಡ ಹಾಗೇ. ತಿರುಚಿದ್ದನ್ನು ಸರಿಮಾಡುತ್ತೇವೆ ಅನ್ನುವವರಿದ್ದಾರೆ, ಆದರೆ ಕಲಿಯುವವರಿಗೆ ನಾನಂತೂ ಅಂಥದ್ದನ್ನು ಕೊಳ್ಳಿ ಅನ್ನುವುದಿಲ್ಲ.

‘ಬಿರುಕು’ ಬಗ್ಗೆಯೂ ಒಂದು ಮಾತು. ಸೌದೆಯನ್ನು ಸೀಳುತ್ತೇವೆ, ಬಿರುಕಿಸುವುದಿಲ್ಲ. ಮರ ಎಳೆಯ ಗುಂಟ ಬಿಟ್ಟುಕೊಂಡರೆ ಅದು ಸೀಳು. ಮೇಲಿನ ಪಾಲಿಶ್ ಮಾತ್ರ ಬಿರಿದಿದ್ದರೆ ಅದು ಬಿರುಕು. ಇನ್ನೂ ಮೇಲುಮೇಲಿನದಾದರೆ ಗೀರು. ಗೀರು ಮತ್ತು ಬಿರುಕು ನೋಟಕ್ಕೆ ಮಾತ್ರ ಕೆಟ್ಟದು, ಅವುಗಳ ನೆಪದಲ್ಲಿ ಬೆಲೆ ಇಳಿಸಿ ಕೇಳಬಹುದು. ಸೀಳಾದರೆ ಅದರ ಪಕ್ಕದಲ್ಲಿ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಬೇಕು. ಒಂದು ಅಂಚು ಕೆಳಗಿಳಿದು ಇನ್ನೊಂದು ಅಲ್ಲೇ ಉಳಿದರೆ ಹಲಗೆ ಆರಪಾರ ಸೀಳಿದೆ. ಒಣ ಹವೆಯಲ್ಲಿ ಒಂಟಿ ಹಲಗೆಯ (ಪ್ಲೈವುಡ್ ಅಲ್ಲದ) ಗಿಟಾರಿಗೆ ಇದು ಆಗುವಂಥದ್ದೇ. ಗಾಳಿಯ ತೇವ 45ರಿಂದ 55 ಶೇಕಡ ಇದ್ದರೆ ಹಲಗೆ ಹಾಯಾಗಿರುತ್ತದೆ. ಸೀಳಿಗೆ ಅಂಟು ತುಂಬಿ, ಒಳಗಿನಿಂದ ತೆಳು ಮರದ ತೇಪೆ ಹಾಕಿದರೆ ಗಟ್ಟಿ ನಿಲ್ಲುತ್ತದೆ. ಹಾಗಾಗಿ ಸೀಳು ಅಂದ ತಕ್ಷಣ ಹೆದರಬೇಕಿಲ್ಲ. ಹೆದರಬೇಕಾದ್ದು ಹಿಂದೆ ಯಾರೋ ಎಪಾಕ್ಸಿ ಅನ್ನುವ ಗಟ್ಟಿ ಅಂಟು ಸುರಿದು ಮಾಡಿದ ತೇಪೆಗೆ. ಅದನ್ನು ಬಿಡಿಸುವಷ್ಟರಲ್ಲಿ ಮರವೇ ಕಿತ್ತುಬರುತ್ತದೆ.

ಬ್ರಿಡ್ಜ್ ‘ಎದ್ದಿದೆ’ ಅನ್ನುವುದರ ಬದಲು ‘ಅಂಟು ಬಿಟ್ಟಿದೆ’ ಅಂದರೆ ಗೊಂದಲ ಇರುವುದಿಲ್ಲ. ಯಾಕೆಂದರೆ ಕೆಲವು ಸಲ ಬ್ರಿಡ್ಜ್ ಗಟ್ಟಿಯಾಗಿಯೇ ಇರುತ್ತದೆ, ಅದರ ಹಿಂಬದಿಯಲ್ಲಿ ಮುಂದಿನ ಹಲಗೆಯೇ ಹೊಟ್ಟೆಯಂತೆ ಉಬ್ಬಿರುತ್ತದೆ. ತುಸು ಹೊಟ್ಟೆ ಸಹಜ. ಬ್ರಿಡ್ಜಿನ ಹಿಂಬದಿಯ ಅಂಚಿಗೆ ಒಂದು ಕಾಗದದ ಚೂರು ತೂರಿಸಿ ನೋಡಿದರೆ ಗೊತ್ತಾಗುತ್ತದೆ. ಕಾಗದ ಒಳಗೆ ಹೋಯಿತು ಅಂದರೆ ಅಂಟು ಬಿಟ್ಟಿದೆ. ಕಿತ್ತು, ಹಳೇ ಅಂಟು ತೆಗೆದು, ಮತ್ತೆ ಅಂಟಿಸಿ ಬಿಗಿಯಬೇಕು. ಇದು ಮಧ್ಯಮ ಕೆಲಸ, ಒಳ್ಳೆಯ ಗಿಟಾರ್ ಆದರೆ ಮಾಡಿಸಬಹುದು. ಬಿರಡೆ (ಶ್ರುತಿ ಮಾಡಲು ತಿರುಗಿಸುವ ಪೆಗ್) ಸಡಿಲ, ತಂತಿ ತುಕ್ಕು ಇವೆಲ್ಲ ಲೆಕ್ಕಕ್ಕೇ ಇಲ್ಲ. ಇವನ್ನು ರಿಪೇರಿ ಅನ್ನುವುದೂ ಬೇಡ.

ಮಾರುವವರಿಗೆ ನಾನು ಪಟ್ಟಿ ಇಟ್ಟ ಒಂದು ಫೋಟೋ, ತಲೆಯ ಕಡೆಯಿಂದ ತೆಗೆದ ಒಂದು ಫೋಟೋ ಕಳಿಸಿ ಅಂತ ಬರೆದಿದ್ದೇನೆ. ಬಾಗಿದ್ದರೆ ತಗೊಳ್ಳುತ್ತೇನೆ. ಸೀಳು, ಅಂಟು ಎರಡನ್ನೂ ಮಾಡಿಸುತ್ತೇನೆ. ವಾಲಿದ್ದರೆ ಬೇಡ ಅನ್ನುತ್ತೇನೆ.

ಈಗ ನಿಮ್ಮನ್ನು ಕೇಳುವುದು ಇಷ್ಟು. ಫ್ರೆಟ್ಟಿಗೆ ಮೆಟ್ಟಿಲು, ಟ್ಯೂನಿಂಗ್ ಪೆಗ್ಗಿಗೆ ಬಿರಡೆ ಅಂತ ವೀಣೆಯ ಪದಗಳನ್ನೇ ಬಳಸಿದ್ದೇನೆ. ಗಿಟಾರ್ ನುಡಿಸುವವರಿಗೆ ಇದು ಹೊಂದುತ್ತದೆಯೇ? ಬ್ರಿಡ್ಜಿಗೆ ‘ಕುದುರೆ’ ಅನ್ನಲು ಮನಸ್ಸಿತ್ತು. ಆದರೆ ಗಿಟಾರಿನದು ಹಲಗೆಗೆ ಅಂಟಿಸಿದ ಪಟ್ಟಿ, ತಂತಿ ನಿಜವಾಗಿ ಕೂರುವುದು ಸ್ಯಾಡಲ್ ಮೇಲೆ. ಹಾಗಾದರೆ ಕುದುರೆ ಯಾವುದು? ತಂಬೂರಿ, ವೀಣೆ ರಿಪೇರಿ ಮಾಡುವವರ ಒಡನಾಟ ಇರುವವರು ಯಾರಾದರೂ ಇದ್ದರೆ, ದಂಡಿ, ಅಂದರೆ ಅವುಗಳ ಕುತ್ತಿಗೆ, ಬುಡದಲ್ಲಿ ಕೋನ ತಪ್ಪಿದ್ದಕ್ಕೆ ಅವರು ಏನು ಹೇಳುತ್ತಾರೆ ಅಂತ ದಯವಿಟ್ಟು ತಿಳಿಸಿ. ‘ವಾಲಿದೆ’ಗಿಂತ ಒಳ್ಳೆಯ ಪದ ಅವರ ಬಾಯಲ್ಲಿ ಇದ್ದರೆ ನಾನು ಅದನ್ನೇ ಬಳಸುತ್ತೇನೆ.