ಪದಚರ್ಚೆ: ‘ಬ್ರೇಕ್ ಹಿಡ್ಕೊಂಡುಂಟು’ ಅಂದರೆ ಹಿಡಿಯುತ್ತಿದೆ ಎಂದೋ, ಬಿಡುತ್ತಿಲ್ಲ ಎಂದೋ?

ಬಳಗದ ಎಲ್ಲರಿಗೂ ನಮಸ್ಕಾರ.

ಉಡುಪಿಯ ಕಲ್ಸಂಕದ ಹತ್ತಿರ ನನ್ನ ಸ್ನೇಹಿತರೊಬ್ಬರ ಗ್ಯಾರೇಜು ಉಂಟು. ಅಲ್ಲಿಗೆ ಬರುವುದು ಹೆಚ್ಚಾಗಿ ಹಳೆಯ ಮನೆ ಕಾರುಗಳು: ಮಾರುತಿ 800, ಓಮ್ನಿ, ಝೆನ್, ಮೊದಮೊದಲ ಸ್ಯಾಂಟ್ರೊ. ಗಿರಾಕಿಗಳ ದೂರು ಬರೆದುಕೊಳ್ಳುವ ಕಾರ್ಡು ಇಷ್ಟು ವರ್ಷ ಇಂಗ್ಲಿಷಿನಲ್ಲೇ ಇತ್ತು. ಅದನ್ನು ಕನ್ನಡದಲ್ಲಿ ಮಾಡಿಕೊಡಿ ಎಂದು ಅವರು ಕೇಳಿದ್ದಾರೆ. ಎಂಜಿನ್, ಕ್ಲಚ್, ಎಸಿ ಭಾಗಗಳು ಸಲೀಸಾಗಿ ಮುಗಿದವು. ಬ್ರೇಕಿನ ಸಾಲುಗಳಿಗೆ ಬಂದಾಗ ‘ಹಿಡಿ’ ಎಂಬ ಒಂದೇ ಧಾತುವಿನಲ್ಲಿ ಕೆಲಸ ನಿಂತಿದೆ. ಅದಕ್ಕೇ ಈ ಪತ್ರ.

ಗ್ಯಾರೇಜಿನಲ್ಲಿ ಕೂತಿದ್ದಾಗ ಕಿವಿಗೆ ಬಿದ್ದ ಫೋನ್ ಮಾತು ಹೀಗಿತ್ತು:

“ಅಣ್ಣ, ನಮ್ಮ ಕಾರಿನ ಬ್ರೇಕ್ ಹಿಡ್ಕೊಂಡುಂಟು.”

“ಹಿಡೀತದಲ್ಲ ಅಕ್ಕ? ಮತ್ತೆಂತ ತೊಂದರೆ?”

“ಹಾಗಲ್ಲ ಮಾರಾಯ್ರೆ, ಹಿಡ್ಕೊಂಡೇ ಉಂಟು! ಗಾಡಿ ಮುಂದೆ ಹೋಗುದೇ ಇಲ್ಲ.”

ಇಬ್ಬರೂ ಈ ಊರಿನವರೇ, ಇಬ್ಬರ ಮನೆಮಾತೂ ತುಳು. ಆದರೂ ಎರಡನೆಯ ಸಲ ‘ಏ’ ಸೇರಿಸಿ ಒತ್ತಿ ಹೇಳಿದ ಮೇಲೆಯೇ ವಿಷಯ ತಿಳಿದದ್ದು. ಅದೇ ಗ್ಯಾರೇಜಿನಲ್ಲಿ ಹಾವೇರಿ ಕಡೆಯ ಮೆಕ್ಯಾನಿಕ್ ಒಬ್ಬರಿದ್ದಾರೆ. ‘ಬ್ರೇಕ್ ಹಿಡ್ಕೊಂಡೈತಿ’ ಅಂದರೆ ಅವರಿಗೆ ಸಂಶಯಕ್ಕೆ ಎಡೆಯೇ ಇಲ್ಲ. ಬ್ರೇಕ್ ಜಾಮ್ ಆಗಿದೆ, ಅಷ್ಟೆ.

‘ಬ್ರೇಕ್ ಹಿಡಿಯುತ್ತಿಲ್ಲ’, ‘ಹಿಡಿದದ್ದು ಬಿಡುತ್ತಿಲ್ಲ’ ಎಂಬ ಎರಡು ದೂರುಗಳು ಒಂದಕ್ಕೊಂದು ತೀರಾ ಎದುರು. ಬ್ರೇಕ್ ಹಿಡಿಯುತ್ತಿಲ್ಲ ಎಂದರೆ ಉಜ್ಜಿ ಚಕ್ರ ನಿಲ್ಲಿಸುವ ಪ್ಯಾಡೋ ಲೈನರೋ ಸವೆದಿರಬೇಕು, ಪೈಪಿನಲ್ಲಿ ಗಾಳಿ ಸೇರಿರಬೇಕು, ಎಲ್ಲೋ ಸೋರುತ್ತಿರಬೇಕು, ಇಲ್ಲವೇ ಪೆಡಲಿನ ಒತ್ತಡವನ್ನು ಪೈಪುಗಳಿಗೆ ಕಳಿಸುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಹೋಗಿರಬೇಕು. ಹಿಡಿದದ್ದು ಬಿಡುತ್ತಿಲ್ಲ ಎಂದಾಗ ನೋಡುವ ಜಾಗಗಳೇ ಬೇರೆ. ಮುಂದಿನ ಚಕ್ರದಲ್ಲಾದರೆ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರಿನ ಪಿನ್ನು ಒಣಗಿದೆಯೇ, ಪಿಸ್ಟನ್ ತುಕ್ಕು ಹಿಡಿದಿದೆಯೇ; ಹಿಂದಿನ ಡ್ರಮ್ಮಿನಲ್ಲಾದರೆ ಸ್ಪ್ರಿಂಗ್ ಸಡಿಲವಾಗಿದೆಯೇ, ಹ್ಯಾಂಡ್‌ಬ್ರೇಕಿನ ಕೇಬಲ್ ಒಳಗೇ ಕೂತುಬಿಟ್ಟಿದೆಯೇ. ರಬ್ಬರ್ ಹೋಸ್ ಒಳಗಿನಿಂದ ಊದಿದರೂ ಹೀಗೇ ಆಗುತ್ತದೆ: ಒತ್ತಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ಹಿಂದೆ ಬರುವುದಿಲ್ಲ. ಹಿಡಿಯದ ಬ್ರೇಕಿನ ಕಾರನ್ನು ಓಡಿಸಿಕೊಂಡು ಬನ್ನಿ ಎನ್ನುವಂತೆಯೇ ಇಲ್ಲ, ಗಾಡಿ ಕಳಿಸಿ ಎಳೆಸಿಕೊಂಡೇ ತರಬೇಕು. ಆದ್ದರಿಂದ ಫೋನಿನಲ್ಲೇ ದೂರು ಸರಿಯಾಗಿ ತಿಳಿಯುವುದು ಜೀವಕ್ಕೆ ಸಂಬಂಧಪಟ್ಟ ಮಾತು.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಎರಡನೆಯ ದೂರು ಬಹಳ. ತುಳುವರ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಹ್ಯಾಂಡ್‌ಬ್ರೇಕ್ ಎಳೆದು ನಾಲ್ಕು ದಿನ ಅಂಗಳದಲ್ಲಿ ಬಿಟ್ಟ ಕಾರಿನಲ್ಲಿ ಲೈನರು ಡ್ರಮ್ಮಿಗೆ ತುಕ್ಕಿನಿಂದ ಕಚ್ಚಿಕೊಳ್ಳುತ್ತದೆ. ತಿಳಿದವರು ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿ ನಿಲ್ಲಿಸಿ ಟಯರಿಗೆ ಕಲ್ಲು ಕೊಡುತ್ತಾರೆ. (‘ಕಲ್ಲು ಇಡು’ ಎನ್ನದೆ ‘ಕೊಡು’ ಎನ್ನುವುದು ಎಷ್ಟು ಚೆಂದ ನೋಡಿ.)

ಇನ್ನು ವ್ಯಾಕರಣದ ಮಾತು. ಬರಹದ ಕನ್ನಡದಲ್ಲಿ ಈ ಎರಡನ್ನೂ ಬೇರೆ ಮಾಡುವುದು ‘ಕೊಳ್ಳು’. ‘ಬ್ರೇಕ್ ಹಿಡಿಯುತ್ತದೆ’ ಎಂದರೆ ತನ್ನ ಕೆಲಸ ಮಾಡುತ್ತದೆ. ‘ಹಿಡಿದುಕೊಂಡಿದೆ’ ಎಂದರೆ ನಮ್ಮ ಕೈಮೀರಿ ತಾನಾಗಿ ಹಾಗೆ ಉಳಿದಿದೆ. ‘ಬ್ರೇಕ್ ಕಚ್ಚುತ್ತದೆ’, ‘ಕಚ್ಚಿಕೊಂಡಿದೆ’ ಎಂಬ ಜೋಡಿಯಲ್ಲೂ ಇದೇ ವ್ಯತ್ಯಾಸ. ‘ಸೊಂಟ ಹಿಡಿದುಕೊಂಡಿದೆ’, ‘ಬಾಗಿಲು ಹಾಕಿಕೊಂಡಿದೆ’ ಎನ್ನುವಾಗಲೂ ಹೀಗೇ. ಹಾಗೆಂದು ‘ಕೊಂಡಿದೆ’ ಬಂದಲ್ಲೆಲ್ಲ ತೊಂದರೆ ಎಂದೇನೂ ಅಲ್ಲ. ‘ಸಿಮೆಂಟು ಚೆನ್ನಾಗಿ ಹಿಡಿದುಕೊಂಡಿದೆ’, ‘ನೆಟ್ಟ ಅಡಿಕೆ ಸಸಿ ಬೇರು ಹಿಡಿದುಕೊಂಡಿದೆ’ ಎನ್ನುವುದು ಸಮಾಧಾನದ ಮಾತೇ. ನನಗೆ ಕಾಣುವ ಮಟ್ಟಿಗೆ ‘ಕೊಳ್ಳು’ ಹೇಳುವುದು ಸ್ಥಿತಿ ಉಳಿಯಿತು ಎಂಬುದನ್ನು ಮಾತ್ರ. ಉಳಿಯಬೇಕಾದದ್ದು ಉಳಿದರೆ ಒಳ್ಳೆಯದು, ಬಿಡಬೇಕಾದದ್ದು ಉಳಿದರೆ ಗ್ಯಾರೇಜು.

ಮಂಗಳೂರು, ಉಡುಪಿ ಕಡೆಯ ಆಡುಮಾತಿನಲ್ಲಿ ಈ ‘ಕೊಂಡು’ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ‘ಮಳೆ ಬಂದ್ಕೊಂಡುಂಟು’ ಎಂದರೆ ಮಳೆ ಬರುತ್ತಾ ಇದೆ. ‘ಓದಿಕೊಂಡಿದ್ದೇನೆ’ ಎಂದರೆ ಓದುತ್ತಾ ಇದ್ದೇನೆ. ಇದರ ಹಿಂದೆ ತುಳು ಇರುವುದು ಸ್ಪಷ್ಟ. ತುಳುವಿನ ‘ಬರೊಂದುಂಡು’ ಎಂಬಲ್ಲಿನ ‘ಒಂದು’ ನಡೆಯುತ್ತಿರುವ ಕ್ರಿಯೆಯನ್ನು ಹೇಳುತ್ತದೆ, ‘ಕೊಳ್ಳು’ವಿನ ಅರ್ಥವನ್ನೂ ಹೊರುತ್ತದೆ. ಹಾಗಾಗಿ ‘ಬ್ರೇಕ್ ಪತ್ತೊಂದುಂಡು’ ಎಂದರೆ ಹಿಡಿಯುತ್ತಿದೆ ಎಂದೂ ಆಗಬಹುದು, ಹಿಡಿದುಕೊಂಡೇ ಇದೆ ಎಂದೂ ಆಗಬಹುದು. ಅದನ್ನೇ ಕನ್ನಡಕ್ಕೆ ತಂದಾಗ ‘ಹಿಡ್ಕೊಂಡುಂಟು’ ಆಗುತ್ತದೆ. ಆ ಫೋನಿನಲ್ಲಿ ಆದದ್ದು ಇದೇ. ಇದನ್ನು ತಪ್ಪು ಕನ್ನಡ ಎಂದು ತಳ್ಳುವುದು ನನಗೆ ಒಪ್ಪಿಗೆಯಿಲ್ಲ. ನಮ್ಮೂರಿನ ಮಾತಿಗೆ ಅದರದೇ ಕಟ್ಟು ಉಂಟು.

ತುಳುವಿನ ‘ಪತ್ತು’, ನಮ್ಮ ‘ಹತ್ತು’ (ಬೆಂಕಿ ಹತ್ತು, ಅಂಟು ಹತ್ತು) ಒಂದೇ ಬೇರಿನವು. ‘ಹಿಡಿ’ ಹಳಗನ್ನಡದ ‘ಪಿಡಿ’. 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾದ ಕಿಟೆಲ್ ನಿಘಂಟಿನ ಕಾಲಕ್ಕೆ ನಮ್ಮ ರಸ್ತೆಗಳಲ್ಲಿ ಮೋಟಾರು ಇರಲಿಲ್ಲ. ಆದರೂ ಕಾರು ಬಂದಾಗ ಜನ ಹೊಸ ಕ್ರಿಯಾಪದ ಹುಡುಕುವ ಗೋಜಿಗೇ ಹೋಗಲಿಲ್ಲ; ಮಳೆ ಹಿಡಿಯುವ, ತುಕ್ಕು ಹಿಡಿಯುವ, ಪಾಯಸ ತಳ ಹಿಡಿಯುವ ಅದೇ ಧಾತುವನ್ನು ಬ್ರೇಕಿಗೂ ಕೊಟ್ಟರು.

ಕಾರ್ಡಿಗೆ ನಾನು ಮೊದಲು ಬರೆದಿಟ್ಟದ್ದು ‘ಹಿಡಿದು ಬಿಡುತ್ತಿಲ್ಲ’ ಎಂದು. ಅದರಲ್ಲೂ ತೊಡಕಿದೆ. ‘ಹಿಡಿದು, ಬಿಡುತ್ತದೆ’ ಎಂದರೆ ಸರಿಯಿರುವ ಬ್ರೇಕು. ಎರಡನ್ನೂ ಕೂಡಿಸಿ ‘ಹಿಡಿದುಬಿಡುತ್ತದೆ’ ಎಂದರೆ ಮುಟ್ಟಿದ ಕೂಡಲೇ ಗಪ್ಪನೆ ಹಿಡಿಯುವ ಬ್ರೇಕು. ಗಡಿಬಿಡಿಯಲ್ಲಿ ಕಾರ್ಡು ತುಂಬಿಸುವವರು ನಡುವೆ ಜಾಗ ಬಿಡುತ್ತಾರೆ ಎಂದು ನಂಬುವುದು ಹೇಗೆ? ಈಗ ನನ್ನ ಒಲವು ಇರುವುದು ‘ಹಿಡಿತ ಕಮ್ಮಿ’ ಮತ್ತು ‘ಕಾಲು ತೆಗೆದರೂ ಬಿಡುತ್ತಿಲ್ಲ’ ಎಂಬ ಎರಡು ಸಾಲುಗಳ ಕಡೆಗೆ. ‘ಹಿಡಿತ’ ಎಂಬ ನಾಮಪದಕ್ಕೆ ಸಿಕ್ಕಿಕೊಳ್ಳುವ ಅರ್ಥ ಇಲ್ಲ. ತುಳುವಿನಲ್ಲಿ ಕೇಳುವಾಗಲೂ ‘ಪತ್ತುಜಿ’ (ಹಿಡಿಯುವುದಿಲ್ಲ), ‘ಬುಡುಜಿ’ (ಬಿಡುವುದಿಲ್ಲ) ಎಂದರೆ ಗೊಂದಲವಾಗುವುದಿಲ್ಲ.

ಘಟ್ಟದ ದೂರಿಗೂ ‘ಹಿಡಿತ’ ಒದಗುತ್ತದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಕಾಲು ಎತ್ತದೆ ಬ್ರೇಕ್ ಒತ್ತಿಕೊಂಡೇ ಇಳಿದವರು ‘ಬ್ರೇಕ್ ಫೇಲ್ ಆಯಿತು’ ಎನ್ನುತ್ತಾರೆ, ಪೇಪರಿನವರೂ ಹಾಗೇ ಬರೆಯುತ್ತಾರೆ. ಎಷ್ಟೋ ಸಲ ಅಲ್ಲಿ ಏನೂ ಮುರಿದಿರುವುದಿಲ್ಲ. ಲೈನರು ಕಾದು ಹಿಡಿತ ಇಳಿದಿರುತ್ತದೆ, ಇಲ್ಲವೇ ಆಯಿಲ್ ಕುದಿದು ಪೆಡಲು ಮೆತ್ತಗೆ ಕೆಳಗೆ ಹೋಗಿರುತ್ತದೆ. ‘ಕಾದು ಹಿಡಿತ ಇಳಿದಿದೆ’ ಎಂದು ಬರೆದರೆ ಮೆಕ್ಯಾನಿಕ್ ಸೀದಾ ಆಯಿಲ್ ನೋಡುತ್ತಾನೆ.

‘ಬ್ರೇಕ್ ಆಯಿಲ್’ ಎಂಬ ಪದದ ಬಗ್ಗೆ ನನಗೆ ನಿಜವಾಗಿಯೂ ಆತಂಕವಿದೆ. ಹೆಸರಿಗೆ ಆಯಿಲ್, ಆದರೆ ಈ ಕಾರುಗಳಿಗೆ ಹಾಕುವ ಡಾಟ್ 3, ಡಾಟ್ 4 ಎಂಬ ದರ್ಜೆಗಳ ದ್ರವ ಎಣ್ಣೆಯಲ್ಲ, ಗ್ಲೈಕಾಲ್ ಮೂಲದ ದ್ರವ. ಹೆಸರು ನಂಬಿ ಎಂಜಿನ್ ಆಯಿಲ್ ಹೊಯ್ದರೆ ಒಳಗಿನ ರಬ್ಬರುಗಳೆಲ್ಲ ಊದಿ ಬ್ರೇಕ್ ಕಚ್ಚಿಕೊಳ್ಳುತ್ತದೆ. ಈ ದ್ರವ ಗಾಳಿಯ ತೇವವನ್ನೂ ಹೀರುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ನೀರು ಹೀರಿದ ಮೇಲೆ ಆ ಮಿತಿ 140. ಸಮುದ್ರದ ಬದಿಯಲ್ಲಿರುವ ನಾವು ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಕಾರ್ಡಿನಲ್ಲಿ ‘ಬ್ರೇಕ್ ದ್ರವ’ ಎಂದರೆ ಗಿರಾಕಿಗೆ ತಿಳಿಯದು, ‘ಆಯಿಲ್’ ಎಂದರೆ ಈ ಅಪಾಯ. ಸದ್ಯಕ್ಕೆ ‘ಬ್ರೇಕ್ ಫ್ಲೂಯಿಡ್’ ಎಂದೇ ಇಟ್ಟಿದ್ದೇನೆ.

ಸದ್ದಿನ ದೂರುಗಳಲ್ಲಿ ಕನ್ನಡಕ್ಕೆ ಬಡತನವೇ ಇಲ್ಲ. ‘ಕೀಂಯ್’ ಎಂದರೆ ಪ್ಯಾಡು ಸವೆಯುತ್ತಾ ಬಂದಿರಬಹುದು ಅಥವಾ ಮೇಲ್ಮೈ ಗಾಜಿನಂತಾಗಿರಬಹುದು. ‘ಕರಕರ’ ಎಂದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ, ಕೂಡಲೇ ನಿಲ್ಲಿಸಬೇಕು. ‘ಟಕ್’ ಎಂದರೆ ಏನೋ ಸಡಿಲ. ಈ ಅನುಕರಣ ಪದಗಳನ್ನು ಹಾಗೆ ಹಾಗೇ ಅಚ್ಚು ಹಾಕಿಸುತ್ತೇನೆ.

ಈಗ ನಿಮ್ಮಲ್ಲಿ ಕೇಳುವುದು. ಕುಂದಾಪುರ, ಬೈಂದೂರು ಕಡೆಯವರ ಮನೆಮಾತು ಕನ್ನಡವೇ ಆದ್ದರಿಂದ ನಿಮ್ಮಲ್ಲಿ ‘ಹಿಡಿದುಕೊಂಡಿದೆ’ಗೆ ಒಂದೇ ಅರ್ಥವೋ, ಎರಡೋ? ಧಾರವಾಡ, ಕಲಬುರಗಿ ಕಡೆ ಬ್ರೇಕಿಗೆ ‘ಹತ್ತು’ ಬಳಸುವುದುಂಟೇ? ಎತ್ತಿನ ಗಾಡಿಯ ‘ಬಿರಿ’ ಎಂಬ ಹಳೆಯ ಪದ ಬಲ್ಲವರು ಅದರ ಜೊತೆ ಯಾವ ಕ್ರಿಯಾಪದ ಬರುತ್ತಿತ್ತು ಎಂಬುದನ್ನೂ ತಿಳಿಸಿ: ಹಾಕುತ್ತಿದ್ದರೋ, ಬಿಗಿಯುತ್ತಿದ್ದರೋ? ಕಾರ್ಡು ಅಚ್ಚಿಗೆ ಹೋಗುವುದು ಚೌತಿ ಕಳೆದ ಮೇಲೆ. ಅಷ್ಟರೊಳಗೆ ಬರೆದರೆ ತಿದ್ದಿಕೊಳ್ಳಲು ಸಮಯ ಸಿಗುತ್ತದೆ.