ರೆಕ್ವೆರ್ದೋಸ್ ದೆ ಲಾ ಅಲಾಂಬ್ರಾ: ವೇಗ ಏರಿಸಿದರೆ ಟ್ರೆಮೊಲೊ ಕುಂಟುತ್ತದೆ, ಎಲ್ಲಿ ತಪ್ಪುತ್ತಿದ್ದೇನೆ?

ಮಲೆನಾಡ ತಂತಿ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ಬರೆಯುತ್ತಿದ್ದೇನೆ. ಕ್ಲಾಸಿಕಲ್ ಗಿಟಾರ್ ಹಿಡಿದು ಆರು ವರ್ಷ. ಮೊದಲ ಮೂರು ವರ್ಷ ಬೆಂಗಳೂರಿನಲ್ಲಿ ಮೇಷ್ಟ್ರ ಹತ್ತಿರ ಕಲಿತೆ, ಊರಿಗೆ ಬಂದ ಮೇಲೆ ಒಬ್ಬನೇ ಅಭ್ಯಾಸ ಮಾಡುತ್ತಿದ್ದೇನೆ. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಹಾಡುಗಾರಿಕೆಗೂ ಹೋಗಿದ್ದೆ, ವರ್ಣ ಶುರುವಾಗುವ ಹೊತ್ತಿಗೆ ನಿಂತುಹೋಯಿತು.

ಬಲಗೈ ಸುಧಾರಿಸಬೇಕಾದರೆ ಕಷ್ಟದ ಕೃತಿಯನ್ನೇ ಹಿಡಿಯಬೇಕು ಎಂದು ಎಂಟು ತಿಂಗಳ ಹಿಂದೆ ಸ್ಪೇನಿನ ಸಂಯೋಜಕ ತಾರೆಗಾ ಅವರ ರೆಕ್ವೆರ್ದೋಸ್ ತೆಗೆದುಕೊಂಡೆ. ಎಡಗೈ ಪೂರ್ತಿ ಬಾಯಿಪಾಠ ಆಗಿದೆ. ಕೃತಿಯುದ್ದಕ್ಕೂ ಟ್ರೆಮೊಲೊ, ಅಂದರೆ ಹೆಬ್ಬೆರಳಿನ ಒಂದು ಸ್ವರದ ನಂತರ ಉಳಿದ ಬೆರಳುಗಳು ಒಂದೇ ಸ್ವರವನ್ನು ಬೇಗಬೇಗ ಮೀಟುವುದು. ಬಲಗೈ ಕ್ರಮ ಎಲ್ಲರದ್ದೇ: ಹೆಬ್ಬೆರಳು, ಉಂಗುರ, ನಡು, ತೋರು. ಮೆಟ್ರೊನೋಮ್‌ನ ಒಂದು ಬಡಿತಕ್ಕೆ ಒಂದು ಸುತ್ತು ಲೆಕ್ಕದಲ್ಲಿ 70ರವರೆಗೆ ಸರಿಯಾಗಿ ಬರುತ್ತದೆ. 80 ದಾಟಿದರೆ ಹೆಬ್ಬೆರಳಿನ ಸ್ವರ ಒಂಟಿಯಾಗಿ ನಿಂತು, ಉಳಿದ ಮೂರು ಒಂದರ ಮೇಲೊಂದು ಬೀಳುತ್ತವೆ. ಜೊತೆಗೆ ಮೊದಲ ಸಾಲಿನಲ್ಲಿ, ರಾಗ ಎರಡನೆಯ ತಂತಿಯ ಮೇಲಿರುವಾಗ, ಉಂಗುರ ಬೆರಳು ಮೊದಲ ತಂತಿಗೆ ತಾಗಿ ಟಿಂಗ್ ಅನ್ನುತ್ತದೆ.

ಮೂರು ಬೆರಳುಗಳಿಗೆ ಬೇಕಾದಷ್ಟು ಕಸರತ್ತು ಮಾಡಿಸಿದ್ದೇನೆ. ದಿನಕ್ಕೆ ಎರಡು ಸಲ ಕೃತಿಯನ್ನು ಮೊದಲಿನಿಂದ ಕೊನೆಯವರೆಗೆ ನುಡಿಸುತ್ತೇನೆ. ಎರಡು ತಿಂಗಳಿಂದ ಒಂದು ಹೆಜ್ಜೆ ಮುಂದಕ್ಕೆ ಹೋಗಿಲ್ಲ. ಇದನ್ನು ಬಿಟ್ಟು ಬ್ರೆಜಿಲ್‌ನ ಸಂಯೋಜಕ ವಿಲ್ಲಾ-ಲೋಬೋಸ್ ಅವರ ಮೊದಲನೆಯ ಎಟ್ಯೂಡ್ (ಅಭ್ಯಾಸದ ಕೃತಿ) ಹಿಡಿಯಲೇ?

ಜಯನಗರ ಗಿಟಾರ್

ಸದ್ಯಕ್ಕೆ ಏನನ್ನೂ ಬಿಡಬೇಡಿ, ಏನನ್ನೂ ಸೇರಿಸಲೂ ಬೇಡಿ. ಮೊದಲು ಕುಂಟುತ್ತಿರುವ ಬೆರಳು ಯಾವುದು ಅಂತ ಗೊತ್ತಾಗಲಿ. ನೀವು ಮೂರು ಬೆರಳುಗಳ ಮೇಲೆ ಅನುಮಾನ ಪಟ್ಟಿದ್ದೀರಿ, ಅದಕ್ಕೆ ಆಧಾರ ಏನು ಅಂತ ಬರೆದಿಲ್ಲ.

ಇವತ್ತು ಸಂಜೆ ಎಡಗೈಯನ್ನು ತೊಡೆಯ ಮೇಲೆ ಇಟ್ಟುಬಿಡಿ. ಮೆಟ್ರೊನೋಮ್ 84. ಹೆಬ್ಬೆರಳು ಐದನೆಯ ತಂತಿ ಬಿಟ್ಟು ಅಲುಗಬಾರದು, ಮೂರು ಬೆರಳು ಮೊದಲ ತಂತಿಯ ಮೇಲೆ. ಒಂದು ನಿಮಿಷ ನುಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಆಮೇಲೆ ಬೆರಳುಗಳು ಅಲ್ಲೇ ಇರಲಿ, ಹೆಬ್ಬೆರಳು ಮಾತ್ರ ಐದು, ನಾಲ್ಕು, ಮೂರು, ನಾಲ್ಕು ಎಂದು ತಂತಿ ಬದಲಿಸಲಿ. ಅದನ್ನೂ ರೆಕಾರ್ಡ್ ಮಾಡಿ. ಕೊನೆಗೆ ಎಡಗೈ ಸೇರಿಸಿ ಕೃತಿಯ ಮೊದಲ ನಾಲ್ಕು ಬಾರ್ (ತಾಳದ ಆವರ್ತ). ಮೂರನ್ನೂ ಅರ್ಧ ವೇಗಕ್ಕೆ ಇಳಿಸಿ ಕೇಳಿ.

ಹಾಡುಗಾರಿಕೆ ಕಲಿತವರು ನೀವು, ಹಾಗಾಗಿ ಕೇಳುವಾಗ ಬಾಯಲ್ಲಿ ತಕಧಿಮಿ ಹೇಳಿಕೊಳ್ಳಿ. ಹೆಬ್ಬೆರಳು ತ, ಉಂಗುರ ಕ, ನಡು ಧಿ, ತೋರು ಮಿ. ಬರೆದಿರುವುದು ಮೂರು-ನಾಲ್ಕರ ತಾಳದಲ್ಲಿ, ಒಂದು ಬಾರ್‌ಗೆ ಆರು ತಕಧಿಮಿ, 24 ಸ್ವರ. ನಿಮ್ಮ ಬಾಯಿ ಮತ್ತು ರೆಕಾರ್ಡಿಂಗ್ ಎಲ್ಲಿ ಬೇರೆಯಾಗುತ್ತವೋ ಅಲ್ಲಿ ಬೆರಳಿಟ್ಟು ಹೇಳಿ.

ಮಲೆನಾಡ ತಂತಿ

ಸರ್, ಮಾಡಿದೆ. ಫಲಿತಾಂಶ ನೋಡಿ ಸುಮ್ಮನೆ ಕೂತುಬಿಟ್ಟೆ.

ಮೊದಲನೆಯ ರೆಕಾರ್ಡಿಂಗ್ ಚೊಕ್ಕವಾಗಿದೆ, 92ರಲ್ಲೂ ನಾಲ್ಕು ಸ್ವರ ಸಮನಾಗಿ ಬಂದವು. ಎರಡನೆಯದರಲ್ಲಿ ಹೆಬ್ಬೆರಳು ಮೂರನೆಯ ತಂತಿಗೆ ಹೋಗುವ ಪ್ರತಿ ಸಲವೂ ‘ಮಿ’ ಆದ ಮೇಲೆ ‘ತ’ ತಡವಾಗಿ ಬೀಳುತ್ತಿದೆ, ಅದನ್ನು ಸರಿದೂಗಿಸಲು ‘ಕಧಿಮಿ’ ಓಡುತ್ತಿದೆ. ಮೂರನೆಯದರಲ್ಲೂ ಅದೇ ಜಾಗ. ಎಂಟು ತಿಂಗಳು ತಪ್ಪು ಬೆರಳುಗಳಿಗೆ ಕಸರತ್ತು ಮಾಡಿಸಿದ್ದೇನೆ.

ಜಯನಗರ ಗಿಟಾರ್

ಆ ಕಸರತ್ತು ವ್ಯರ್ಥ ಆಗಿಲ್ಲ, 92ರಲ್ಲಿ ಮೂರು ಬೆರಳು ಸಮವಾಗಿರುವುದು ಅದರಿಂದಲೇ. ಈಗ ಹೆಬ್ಬೆರಳಿಗೆ ಬರೋಣ.

ಟ್ರೆಮೊಲೊ ಅಂದರೆ ಎಲ್ಲರ ಕಿವಿಯೂ ಮೇಲಿನ ರಾಗದ ಮೇಲೆ. ಕೇಳುವವರಿಗೆ ಗ್ರನಾಡಾದ ಅಲಾಂಬ್ರಾ ಅರಮನೆಯ ಕಾರಂಜಿ ನೆನಪಾಗಬಹುದು, ನುಡಿಸುವವರಿಗೆ ಮಾತ್ರ ಈ ಕೃತಿ ನಿಜವಾಗಿ ಹೆಬ್ಬೆರಳಿನದು. ಆಧಾರ ಸ್ವರ, ಅದರ ಮೇಲೇರಿ ಇಳಿಯುವ ಆರ್ಪೆಜಿಯೊ (ಸ್ವರಗುಚ್ಛವನ್ನು ಬಿಡಿಬಿಡಿಯಾಗಿ ಮೀಟುವುದು) ಎಲ್ಲವನ್ನೂ ಅದೊಂದೇ ಹೊರುತ್ತದೆ, ತಂತಿಯಿಂದ ತಂತಿಗೆ ಸದಾ ಓಡಾಡುವ ಬೆರಳೂ ಬಲಗೈಯಲ್ಲಿ ಅದೊಂದೇ. ಇಷ್ಟು ಕೆಲಸ ಇರುವ ಬೆರಳಿಗೆ ಪ್ರತ್ಯೇಕ ಅಭ್ಯಾಸ ಕೊಡುವವರು ಕಡಿಮೆ.

ಕನ್ನಡಿ ಮುಂದೆ ಕೂತು ಮಣಿಕಟ್ಟನ್ನು ನೋಡಿ. ನನ್ನ ಊಹೆ: ಹೆಬ್ಬೆರಳು ಮೂರನೆಯ ತಂತಿಗೆ ಬರುವಾಗ ನಿಮ್ಮ ಇಡೀ ಕೈ ಸ್ವಲ್ಪ ಕೆಳಗೆ ಜಾರುತ್ತಿದೆ. ಹೆಬ್ಬೆರಳು ಬುಡದ ಗೆಣ್ಣಿನಿಂದ ಚಲಿಸಬೇಕು, ಕೈಯನ್ನು ಜೊತೆಗೆ ಎಳೆದುಕೊಂಡು ಹೋಗಬಾರದು. ಕೈ ಜಾರಿದರೆ ಮೂರು ಬೆರಳುಗಳ ನೆಲೆಯೂ ತಪ್ಪುತ್ತದೆ. ಮೊದಲ ತಂತಿ ಟಿಂಗ್ ಅನ್ನುವುದಕ್ಕೂ ಇದೇ ಕಾರಣ ಇರಬಹುದು. ಎರಡನೆಯ ತಂತಿಯನ್ನು ಮೀಟಿದ ಬೆರಳು ಮತ್ತೆ ಹೊರಗೆ ಬರುವಾಗ ಅದಕ್ಕೆ ಸಿಗುವ ಜಾಗ ಬಹಳ ಚಿಕ್ಕದು, ಕೈ ಒಂದೆರಡು ಮಿಲಿಮೀಟರ್ ಸರಿದರೂ ಪಕ್ಕದ ತಂತಿಗೆ ತಾಗುತ್ತದೆ.

ಎರಡು ವಾರ ಮೊದಲ ನಾಲ್ಕು ಬಾರ್ ಬಿಟ್ಟು ಬೇರೇನನ್ನೂ ಮುಟ್ಟಬೇಡಿ. ಮೂರು ಬೆರಳುಗಳನ್ನೂ ಎರಡನೆಯ ತಂತಿಯ ಮೇಲೆ ಒಟ್ಟಿಗೆ ಊರಿಟ್ಟು ಹೆಬ್ಬೆರಳಿನ ಸಾಲನ್ನು ಮಾತ್ರ ನುಡಿಸಿ. ಊರಿದ ಬೆರಳುಗಳು ಕೈಗೆ ಗೂಟ ಇದ್ದ ಹಾಗೆ, ಕೈ ಜಾರಿದರೆ ತಕ್ಷಣ ಗೊತ್ತಾಗುತ್ತದೆ. ಹೆಬ್ಬೆರಳಿನ ಸಾಲು ಒಂದು ಹಾಡಿನ ಹಾಗೆ ಕೇಳಿಸಲು ಶುರುವಾದ ಮೇಲೆ ಉಂಗುರ ಬೆರಳನ್ನು ಮಾತ್ರ ಸೇರಿಸಿ: ತ ಕ, ತ ಕ. ‘ತ’ ಮೀಟುವ ಕ್ಷಣದಲ್ಲೇ ಉಂಗುರ ಬೆರಳು ತನ್ನ ತಂತಿಗೆ ತಾಗಿ ಸಿದ್ಧವಾಗಿರಲಿ. ಹಾಗೆಯೇ ‘ಮಿ’ ಮೀಟುವಾಗ ಹೆಬ್ಬೆರಳು ಮುಂದಿನ ತಂತಿಯ ಮೇಲೆ ಕೂತಿರಬೇಕು. ನಿಧಾನದಲ್ಲಿ ಸ್ವರ ತುಂಡುತುಂಡಾಗಿ ಕೇಳಿಸುತ್ತದೆ, ಕೇಳಿಸಲಿ.

ಬ್ರಿಡ್ಜ್ ಹತ್ತಿರ ತಂತಿಗಳ ಕೆಳಗೆ ಮೆತ್ತನೆಯ ಬಟ್ಟೆ ತುರುಕಿ ನುಡಿಸುವುದೂ ಒಳ್ಳೆಯದು. ನಾದ ಹೋಗಿ ಮೀಟು ಮಾತ್ರ ಉಳಿಯುತ್ತದೆ. ನೈಲಾನ್ ತಂತಿಯ ನಾದ ಎಷ್ಟೋ ತಪ್ಪುಗಳನ್ನು ಮುಚ್ಚಿಬಿಡುತ್ತದೆ.

ಕರಾವಳಿ ಬೆರಳು

ನನ್ನದೊಂದು ಸೇರ್ಪಡೆ. ನಾಲ್ಕೂ ಸ್ವರ ಸೇರಿದ ಮೇಲೆ ತಕಧಿಮಿಯ ಮೇಲೆ ತಕಿಟದ ಒತ್ತು ಹಾಕಿ ನೋಡಿ. ಬೆರಳ ಕ್ರಮ ನಾಲ್ಕರದೇ, ಒತ್ತು ಮಾತ್ರ ಮೂರಕ್ಕೊಂದು. ಮೊದಲ ಒತ್ತು ಹೆಬ್ಬೆರಳಿಗೆ, ಎರಡನೆಯದು ತೋರುಬೆರಳಿಗೆ, ಮೂರನೆಯದು ನಡುಬೆರಳಿಗೆ, ನಾಲ್ಕನೆಯದು ಉಂಗುರಕ್ಕೆ. 12 ಸ್ವರ ಮುಗಿದರೆ ಮತ್ತೆ ಹೆಬ್ಬೆರಳು. ನನಗೆ ಉಂಗುರ ಬೆರಳಿನ ಸೋಮಾರಿತನ ಬಿಟ್ಟಿದ್ದು ಇದರಿಂದಲೇ.

ಉಗುರನ್ನೂ ನೋಡಿಕೊಳ್ಳಿ. ಉಂಗುರ ಬೆರಳಿನ ಉಗುರು ಉಳಿದೆರಡಕ್ಕಿಂತ ಉದ್ದವಿದ್ದರೆ ತಂತಿಗೆ ಸಿಕ್ಕಿಕೊಂಡು ತಡವಾಗುತ್ತದೆ. ತಾರೆಗಾ ಅವರೇ ಕೊನೆಯ ವರ್ಷಗಳಲ್ಲಿ ಉಗುರು ಕತ್ತರಿಸಿ ಬೆರಳ ತುದಿಯಿಂದ ನುಡಿಸುತ್ತಿದ್ದರು. ನೀವು ಕತ್ತರಿಸಿ ಅನ್ನುತ್ತಿಲ್ಲ, ನುಣ್ಣಗೆ ಉಜ್ಜಿ ಮೂರನ್ನೂ ಒಂದೇ ಅಳತೆಗೆ ತನ್ನಿ.

ಪಾಠದ ಕೋಣೆ

ಇಪ್ಪತ್ತು ವರ್ಷದಿಂದ ಮಕ್ಕಳಿಗೂ ದೊಡ್ಡವರಿಗೂ ಕಲಿಸುತ್ತಿದ್ದೇನೆ. ಜಯನಗರ ಸರ್ ಹೇಳಿದ ಕಾರಣ ಸರಿ, ಔಷಧಿಯ ಬಗ್ಗೆ ಮಾತ್ರ ನನ್ನದು ಬೇರೆ ಮಾತು. ಎಂಟು ತಿಂಗಳು ಒಂದೇ ತಪ್ಪಿನೊಂದಿಗೆ ನುಡಿಸಿದ ನಾಲ್ಕು ಬಾರ್‌ನಲ್ಲಿ ಹಳೆಯ ಚಲನೆ ಕೂತುಬಿಟ್ಟಿರುತ್ತದೆ. ಎಡಗೈ ಆ ಮೊದಲ ಹಿಡಿತಕ್ಕೆ ಬಂದ ಕೂಡಲೇ ಬಲಗೈ ಹಳೆಯದನ್ನೇ ಮಾಡುತ್ತದೆ.

ಹೊಸ ಚಲನೆಯನ್ನು ಹೊಸ ಜಾಗದಲ್ಲಿ ಕಲಿಸಿ. ಗಿಟಾರ್ ಸಂಯೋಜಕ ಕಾರ್ಕಾಸಿ ಅವರ ಓಪಸ್ 60ರಲ್ಲಿ 25 ಎಟ್ಯೂಡ್‌ಗಳಿವೆ, ಅದರಲ್ಲಿ ಏಳನೆಯದು ಟ್ರೆಮೊಲೊ ಇರುವ ಎ ಮೈನರ್ ಎಟ್ಯೂಡ್. ನಡುನಡುವೆ ಬೇರೆ ಚಲನೆಯೂ ಬರುವುದರಿಂದ ಕೈಗೆ ಉಸಿರಾಡಲು ಜಾಗ ಇದೆ. ಮೂರು ವಾರ ಅದರಲ್ಲಿ ಹೆಬ್ಬೆರಳನ್ನು ತಿದ್ದಿ. ರೆಕ್ವೆರ್ದೋಸ್‌ನ ನಾಲ್ಕು ಬಾರ್‌ಗಳನ್ನು ಭಾನುವಾರ ಒಂದೇ ಸಲ ನುಡಿಸಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ.

ವಿಲ್ಲಾ-ಲೋಬೋಸ್ ಈಗ ಬೇಡ. 1929ರ ಆ 12 ಎಟ್ಯೂಡ್‌ಗಳು ನನಗೆ ಪ್ರಾಣ, ಆದರೆ ಮೊದಲನೆಯದರ ಆರ್ಪೆಜಿಯೊ ಆರೂ ತಂತಿಗಳ ಮೇಲೆ ಕೈ ಹರಡಿಸುತ್ತದೆ. ಕೈ ಜಾರುವ ಅಭ್ಯಾಸ ಇರುವವರು ಅದಕ್ಕೆ ಹೋದರೆ ಜಾರುವುದನ್ನೇ ಇನ್ನಷ್ಟು ಚೆನ್ನಾಗಿ ಕಲಿಯುತ್ತಾರೆ.

ಒಂದು ವಿಷಯ ಕೇಳಲೇಬೇಕು. ಮುಂಗೈಯಲ್ಲಿ ನೋವು, ಉರಿ, ಬೆರಳಲ್ಲಿ ಜೋಮು ಇದೆಯೇ? ಇದ್ದರೆ ಗಿಟಾರ್ ಕೆಳಗಿಟ್ಟು ಮೊದಲು ವೈದ್ಯರಿಗೆ ತೋರಿಸಿ.

ಮಲೆನಾಡ ತಂತಿ

ನೋವಿಲ್ಲ ಮೇಡಂ, ಹತ್ತು ನಿಮಿಷ ಆದ ಮೇಲೆ ಬಿಗಿತ ಇದೆ. ಕನ್ನಡಿಯಲ್ಲಿ ನೋಡಿದೆ, ಕೈ ಜಾರುತ್ತಿರುವುದು ನಿಜ. ಕಾರ್ಕಾಸಿ ಪುಸ್ತಕ ಮನೆಯಲ್ಲೇ ಇದೆ, ಇವತ್ತಿನಿಂದ ಶುರು.

ಜಯನಗರ ಗಿಟಾರ್

ಮೇಡಂ ಹೇಳಿದ್ದನ್ನೇ ಮಾಡಿ. ಹಳೆಯ ಚಲನೆ ಕೂತಿರುವುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬೆರಳು ಊರಿಟ್ಟು ಹೆಬ್ಬೆರಳಿನ ಸಾಲು ನುಡಿಸುವುದನ್ನು ಕಾರ್ಕಾಸಿಯಲ್ಲೇ ಮಾಡಬಹುದು. ಐದು ನಿಮಿಷಕ್ಕೊಮ್ಮೆ ಕೈ ಕೆಳಗೆ ಬಿಡಿ.

ಮಲೆನಾಡ ತಂತಿ

ಇಪ್ಪತ್ತೈದು ದಿನ ಆಯಿತು, ಹೇಳಿ ಹೋಗೋಣ ಅಂತ ಬಂದೆ.

ಮೊದಲ ವಾರ ಬೇಸರವಾಯಿತು, ವೇಗ 60ಕ್ಕೆ ಇಳಿಸಬೇಕಾಯಿತು. ಎರಡನೆಯ ವಾರದಲ್ಲಿ ಹೆಬ್ಬೆರಳಿನ ಸಾಲು ಒಂದು ದಿನ ಇದ್ದಕ್ಕಿದ್ದಂತೆ ಕಿವಿಗೆ ಬಿತ್ತು. ಕಾರ್ಕಾಸಿ ಈಗ 88ರಲ್ಲಿ ಸಮವಾಗಿದೆ. ನಾಲ್ಕು ಭಾನುವಾರಗಳ ರೆಕಾರ್ಡಿಂಗ್ ಸಾಲಾಗಿ ಕೇಳಿದೆ: ಮೊದಲನೆಯದು 80ರಲ್ಲಿ ಕುಂಟು, ನಿನ್ನೆಯದು 88ರಲ್ಲಿ ನೇರ. ಟಿಂಗ್ ಪೂರ್ತಿ ಹೋಗಿಲ್ಲ, ನಾಲ್ಕು ಬಾರ್‌ನಲ್ಲಿ ಒಂದು ಸಲ ಬರುತ್ತದೆ, ಅದೂ ಎಡಗೈ ಹಿಡಿತ ಬದಲಾಗುವ ಜಾಗದಲ್ಲಿ ಮಾತ್ರ. ಇನ್ನು ರೆಕ್ವೆರ್ದೋಸ್‌ಗೆ ಹಿಂತಿರುಗಬಹುದೇ?

ಪಾಠದ ಕೋಣೆ

ಹಿಂತಿರುಗಿ, ಆದರೆ ಮೊದಲ ಸಾಲಿನಿಂದ ಬೇಡ. ಎ ಮೇಜರ್‌ಗೆ ತಿರುಗುವ ಎರಡನೆಯ ಭಾಗದಿಂದ ಶುರು ಮಾಡಿ, ಮೊದಲ ಸಾಲನ್ನು ಕೊನೆಗೆ ಇಟ್ಟುಕೊಳ್ಳಿ. ಟಿಂಗ್ ಹಿಡಿತ ಬದಲಾಗುವಲ್ಲಿ ಮಾತ್ರ ಬರುತ್ತಿದ್ದರೆ ಅಲ್ಲಿ ಎಡಗೈ ಬಿಗಿದಾಗ ಬಲಗೈಯೂ ಬಿಗಿಯುತ್ತಿದೆ. ಆ ಒಂದು ಬದಲಾವಣೆಯನ್ನು ಟ್ರೆಮೊಲೊ ಇಲ್ಲದೆ, ಬರೀ ಹೆಬ್ಬೆರಳು ಮತ್ತು ಉಂಗುರ ಒಟ್ಟಿಗೆ ಮೀಟಿ ದಿನಕ್ಕೆ ಹತ್ತು ಸಲ ಮಾಡಿ. ಮುಂದಿನ ಭಾನುವಾರದ ರೆಕಾರ್ಡಿಂಗ್ ಇಲ್ಲಿ ಹಾಕಿ, ನಾನೂ ಕೇಳುತ್ತೇನೆ.