ಸ್ಯಾನ್ ಜಿಮಿನ್ಯಾನೊ: ಹಗಲು ಹೋಗಿ ಬಂದ್ರೆ ಸಾಕಾ, ರಾತ್ರಿ ಉಳೀಬೇಕಾ?

ಪ್ರಶ್ನೆ: ಜೂನಲ್ಲಿ ಫ್ಲಾರೆನ್ಸಲ್ಲಿ 4 ದಿನ ಇರ್ತೀವಿ, ಒಂದ್ ದಿನ ಅಲ್ಲೇ ಹತ್ರದ ಹಳೇ ಗೋಪುರಗಳ ಊರು ಸ್ಯಾನ್ ಜಿಮಿನ್ಯಾನೊ ನೋಡೋ ಆಸೆ. ಅಮ್ಮಂಗೆ 67, ಮಂಡಿ ನೋವು. ಕಾರಾ ಬಸ್ಸಾ? ರಾತ್ರಿ ಉಳ್ಕೊಂಡ್ರೆ ದುಡ್ಡು ದಂಡಾನಾ? ಹೋಗಿ ಬಂದವ್ರು ಹೇಳಿ.

ತುಂಗಾತೀರ: ಕಾರ್ ಸಹವಾಸ ಬೇಡ್ವೇ ಬೇಡ. ರೂಮ್ ಕೋಟೆ ಒಳಗಿತ್ತು, ಲಗೇಜ್ ಇಳ್ಸಿ ಬರೋಣ ಅಂತ ಝಡ್‌ಟಿಎಲ್ (ಪರ್ಮಿಟ್ ಇಲ್ದಿರೋ ಕಾರು ಬಿಡದ ಜಾಗ) ಒಳಗೆ ಹೋದ್ವಿ, ಐದೇ ನಿಮಿಷ. ದಾರಿ ತಪ್ಪಿ ಇನ್ನೊಂದ್ ಸಲ ಕ್ಯಾಮೆರಾ ದಾಟಿದ್ವಿ. ಊರಿಗೆ ಬಂದು ಎರಡು ತಿಂಗ್ಳಿಗೆ ಬಾಡಿಗೆ ಕಾರಿನವ್ರು ಕಾರ್ಡಿಂದ 48 ಯೂರೋ ಎಳ್ಕೊಂಡ್ರು, ಮಾರನೇ ದಿನ ಇನ್ನೊಂದು 48, ಅದು ದಂಡ ಅಲ್ಲ, ನಮ್ಮ ಅಡ್ರೆಸ್ ಕೊಟ್ಟಿದ್ದಕ್ಕೆ ಚಾರ್ಜು! ದಂಡ ಬಂದಿದ್ದು ಒಂಬತ್ತು ತಿಂಗ್ಳಾದ್ಮೇಲೆ, 97ರ ಎರಡು ನೋಟೀಸು. ಒಟ್ಟು 290 ಯೂರೋ. ಇವತ್ತಿಗೂ ಹೊಟ್ಟೆ ಉರಿಯತ್ತೆ.

ಅಲೆಮಾರಿ_81: ಬೋರ್ಡ್ ನೋಡದೆ ನುಗ್ಗಿದ್ದು ನೀವು, ಕಾರಿಗ್ಯಾಕೆ ಬೈತೀರ? ಪೋರ್ತಾ ಸ್ಯಾನ್ ಜೊವಾನ್ನಿ ಬಾಗಿಲ ಹೊರಗೇ ಪಾರ್ಕಿಂಗ್ ಇದೆ. ಅದೂ ಅಲ್ದೆ ಆರು ತಿಂಗ್ಳು ದಾಟಿದ್ರೆ ದಂಡ ಕಟ್ಟೋ ಹಾಗೇ ಇಲ್ಲ.

ತುಂಗಾತೀರ: ಗೊತ್ತಿಲ್ದೆ ಹೇಳ್ಬೇಡಿ. ಹೊರದೇಶದಲ್ಲಿರೋರಿಗೆ ನೋಟೀಸ್ ಕಳ್ಸೋಕೆ 360 ದಿನ ಟೈಮ್ ಇದೆ ಅವ್ರಿಗೆ. ನಿಮ್ ಮಾತು ನಂಬಿ ಯಾರಾದ್ರೂ ಕಾಗದ ಹರಿದು ಹಾಕಿದ್ರೆ ಯಾರು ಹೊಣೆ?

ಕಾವ್ಯ_ಮ್ಯೂನಿಕ್: ನಾವು ಉಳ್ಕೊಂಡಿದ್ವಿ, ಒಂದ್ ರಾತ್ರಿಗೆ 135 ಯೂರೋ, ನಮ್ಮನೆಯವ್ರು ಗೊಣಗಿದ್ದೇ ಗೊಣಗಿದ್ದು. ಸಂಜೆ ಟೂರ್ ಬಸ್ಸೆಲ್ಲ ಖಾಲಿ ಆದ್ಮೇಲೆ ಪಿಯಾತ್ಸಾ ದೆಲ್ಲಾ ಚಿಸ್ಟೆರ್ನಾ ಅನ್ನೋ ಚೌಕದ ಬಾವಿಕಟ್ಟೆ ಹತ್ರ ಕೂತ್ವಿ. ನೂರಾರು ವರ್ಷ ಹಗ್ಗ ಉಜ್ಜಿ ಉಜ್ಜಿ ಕಲ್ಲಿನ ಅಂಚಲ್ಲಿ ಕಚ್ಚು ಬಿದ್ದಿದೆ, ಬೆರಳಿಟ್ರೆ ನುಣ್ಣಗೆ ಒಳಗೆ ಕೂರತ್ತೆ. ಮಧ್ಯಾಹ್ನದ ನೂಕುನುಗ್ಗಲಲ್ಲಿ ಆ ಬಾವಿ ನಮ್ಗೆ ಕಂಡಿರ್ಲೇ ಇಲ್ಲ. ಆ 135ಕ್ಕೆ ಒಂಚೂರೂ ಬೇಜಾರಿಲ್ಲ.

ಬಸ್‌ಪ್ರಿಯ: ಪೊಜ್ಜಿಬೊನ್ಸಿವರೆಗೆ ಟ್ರೈನು, ಅಲ್ಲಿಂದ ಬಸ್ಸು. ಆದ್ರೆ ಭಾನುವಾರ ಹೋಗ್ಬೇಡಿ, ಎಂಪೋಲಿಲಿ ಟ್ರೈನ್ ಬದಲಾಯ್ಸೋದು ತಪ್ಪಿ, ಆಮೇಲೆ ಬಸ್ ಸ್ಟಾಪಲ್ಲಿ 1 ಗಂಟೆ 50 ನಿಮಿಷ ಬಿಸ್ಲಲ್ಲಿ ನಿಂತಿದ್ವಿ, ಮಗು ಅತ್ತು ಅತ್ತು ಸುಸ್ತಾಯ್ತು. ಮೇಲೆ ಊರಲ್ಲಿ ಹಿಂದೆ 72 ಗೋಪುರ ಇತ್ತಂತೆ, ಈಗ 14. ಫ್ಲಾರೆನ್ಸ್‌ನವ್ರು ಬಂದು ಕೆಡವಿದ್ರಂತೆ.

ಇತಿಹಾಸದ_ಮೇಷ್ಟ್ರು: ಅದೆಲ್ಲ ಗೈಡ್ ಕತೆ. ಅರ್ದಿಂಘೆಲ್ಲಿ, ಸಾಲ್ವುಚ್ಚಿ ಮನೆತನದವ್ರು ಹಠಕ್ಕೆ ಬಿದ್ದು ಕಟ್ಟಿದ್ರು. 1348ರ ಪ್ಲೇಗ್ ಊರನ್ನ ಮುಗಿಸ್ತು, 1353ಕ್ಕೆ ಫ್ಲಾರೆನ್ಸ್ ಕೈಗೆ ಹೋಯ್ತು. ಬಡತನ ಬಂದಿದ್ರಿಂದ್ಲೇ ಇಷ್ಟು ಗೋಪುರ ಉಳ್ದಿದ್ದು, ದುಡ್ಡಿದ್ದಿದ್ರೆ ಅವ್ರೇ ಕೆಡವಿ ಅರಮನೆ ಕಟ್ಟಿರೋರು.

ಬಸ್‌ಪ್ರಿಯ: ಬಡತನಕ್ಕೆ ಉಳೀತು ಅಂದ್ರೆ ಉಳಿದ 58 ಎಲ್ಲಿ ಹೋಯ್ತು ಸಾರ್? ಎಲ್ಲಾ ಕಡೆ ಪಾಠ ಮಾಡೋಕೆ ಬರ್ಬೇಡಿ.

ಇತಿಹಾಸದ_ಮೇಷ್ಟ್ರು: ರಿಪೇರಿ ಮಾಡೋರಿಲ್ದೆ ಬಿತ್ತು, ಕಲ್ಲು ಬೇರೆ ಮನೆ ಸೇರ್ತು. ತಪ್ಪು ಹೇಳಿದ್ರೆ ತಿದ್ದೇ ತಿದ್ದುತೀನಿ.

ಮಂಜುಳ_ಎಚ್: ಜಗಳ ಬಿಡಿ, ಮಂಡಿ ನೋವು ಅಂದಿದ್ದಾರೆ. ಅಲ್ಲಿನ ಅತಿ ಎತ್ತರದ ಗೋಪುರ ತೊರ್ರೆ ಗ್ರೊಸ್ಸಾ 54 ಮೀಟರ್, 218 ಮೆಟ್ಲು, ಕೊನೇಲಿ ಏಣಿ ಥರ ಕಡಿದು. ನಾನು ಹಠ ಮಾಡಿ ಹತ್ತಿ ಆಮೇಲೆ ಎರಡು ದಿನ ರೂಮಲ್ಲೇ ಮಲಗಿದ್ದೆ, ಫ್ಲಾರೆನ್ಸಿನ ಉಫೀತ್ಸಿ ಮ್ಯೂಸಿಯಂ ಟಿಕೆಟ್ ದಂಡ ಆಯ್ತು. ಅತ್ತೆ ಹತ್ಲಿಲ್ಲ, ಅಲ್ಲೇ ಚರ್ಚಲ್ಲಿ ಸಾಂತಾ ಫೀನಾ ಚಾಪೆಲ್ ನೋಡ್ತಾ ಕೂತಿದ್ರು. ಫೀನಾ ಅನ್ನೋ ಕಾಯಿಲೆ ಬಿದ್ದ ಆ ಹುಡುಗಿ ಮರದ ಹಲಗೆ ಮೇಲೇ ಮಲಗಿ 1253ರಲ್ಲಿ ತೀರ್ಕೊಂಡ್ಳು, ಚಿತ್ರಕಾರ ಗಿರ್ಲಾಂಡಾಯೊ ಅದನ್ನೇ ಗೋಡೆ ಮೇಲೆ ಬರ್ದಿದ್ದಾನೆ. ಮಾವ ನಾಲ್ಕು ವರ್ಷ ಹಾಸಿಗೆ ಹಿಡಿದಿದ್ರು, ಅತ್ತೇನೇ ನೋಡ್ಕೊಂಡಿದ್ದು. ನಾನು ಕೆಳಗಿಳಿದು ಬಂದಾಗ ಅವ್ರು ಆ ಹಲಗೇನೇ ನೋಡ್ತಾ ಇದ್ರು, ಸೆರಗು ಬಾಯಿಗೆ ಹಿಡ್ಕೊಂಡು.

ಅಲೆಮಾರಿ_81: ಪಾರ್ಕಿಂಗಿಂದ ಬಾಗಿಲವರೆಗೂ ಏರೇ ಇದೆ, ಅದನ್ನ ಹೇಳೋದು ಮರೆತೆ. 360 ದಿನದ್ದು ನೋಡ್ದೆ, ತುಂಗಾತೀರ ಹೇಳಿದ್ದೇ ಸರಿ.